ಜೇಡರ ಬಲೆ ಇರಲಿ ಬಿಡಿ

ಫೀಡರು ತೂಗುಹಾಕಿ ಇಷ್ಟು ದಿನವಾಯ್ತು, ಒಂದು ಹಮ್ಮಿಂಗ್‌ಬರ್ಡೂ ಇತ್ತ ಸುಳಿದಿಲ್ಲ ಅಂತೀರಲ್ಲ, ಸ್ವಲ್ಪ ತಾಳಿ. ಇಲ್ಲಿಂದಲೇ ಕಾಣ್ತಿದೆ ನಂಗೆ, ಜಾಗವೇನೋ ಚೆನ್ನಾಗಿದೆ. ಬೆಳಗಿನ ಬಿಸಿಲು ಬೀಳುತ್ತೆ, ಮಧ್ಯಾಹ್ನಕ್ಕೆ ಮೇಪಲ್ ಮರದ ನೆರಳು. ನಮ್ಮ ನ್ಯೂಜೆರ್ಸಿಗೆ ಅವು ಏಪ್ರಿಲ್ ಕೊನೆಗೇ ಬಂದಿರ್ತವೆ, ಮೊದಲು ಗಂಡು, ಹಿಂದಿನಿಂದ ಹೆಣ್ಣು. ಜೂನ್ ಹೊತ್ತಿಗೆ ಹೆಣ್ಣು ಕಾವಿಗೆ ಕೂತಿರುತ್ತೆ, ಹಾಗಾಗಿ ಓಡಾಟ ಕಮ್ಮಿ. ಜುಲೈ ಅರ್ಧ ಕಳೀಲಿ, ಮರಿಗಳು ಗೂಡು ಬಿಟ್ಟು ಹೊರಬೀಳಲಿ, ಆಮೇಲೆ ನೀವೇ ಹೇಳ್ತೀರಿ, ಸಾಕಪ್ಪಾ ಇವುಗಳ ಗಲಾಟೆ ಅಂತ.

ಅದಿರಲಿ, ಆ ಬಾಟಲಿಯೊಳಗೆ ಏನು ಹಾಕಿದೀರಿ? ಒಂದು ಲೋಟ ಸಕ್ಕರೆಗೆ ನಾಲ್ಕು ಲೋಟ ನೀರು, ಅಷ್ಟೇ. ಹೂವಿನೊಳಗಿನ ಮಕರಂದದ ಸಿಹಿಯೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಎಳೆಪಾಕ ಬರಿಸೋದೇನೂ ಬೇಡ, ಕರಗಿದರೆ ಸಾಕು. ಅಮ್ಮ ಒಂದು ಬೇಸಿಗೆ ಇಲ್ಲಿಗೆ ಬಂದಿದ್ದಾಗ ನಾನು ಇದನ್ನು ಕದಡೋದು ನೋಡಿ ಸಂಕಟಪಟ್ಟುಕೊಂಡರು. "ಪಾಪದ ಹಕ್ಕಿಗೆ ಬರೀ ಬಿಳಿ ಸಕ್ಕರೆ ಕುಡಿಸ್ತೀಯಲ್ಲೇ, ಒಂದು ಚೂರು ಬೆಲ್ಲ ಹಾಕಬಾರದಾ? ಜೇನುತುಪ್ಪವಾದರೂ ಹಾಕು." ಅವರು ತೀರ್ಥಹಳ್ಳಿ ಕಡೆಯವರು, ಜೋನಿಬೆಲ್ಲದಲ್ಲಿ ಬೆಳೆದವರು. ಬೆಲ್ಲ ಒಳ್ಳೇದು, ಸಕ್ಕರೆ ಕೆಟ್ಟದ್ದು ಅನ್ನೋದು ಅವರಿಗೆ ವೇದವಾಕ್ಯ. ನಮ್ಮ ಪಾಲಿಗೆ ನಿಜವೂ ಹೌದು. ಆದರೆ ಬೆಲ್ಲದಲ್ಲಿ ನಮಗೆ ಬೇಕಾದ ಕಬ್ಬಿಣದ ಅಂಶ ಇರುತ್ತಲ್ಲ, ಅದೇ ಆ ಹಕ್ಕಿಗೆ ಕುತ್ತು. ಮೂರು ಗ್ರಾಮಿನ ಮೈ ಅದು, ದಿನವಿಡೀ ಕುಡೀತಾನೇ ಇರುತ್ತೆ, ಎಷ್ಟು ಕಬ್ಬಿಣ ಅಂತ ತಡೆದೀತು? ಕಂದು ಸಕ್ಕರೆಯೂ ಅದೇ ಕಾರಣಕ್ಕೆ ಬೇಡ. ಜೇನುತುಪ್ಪವನ್ನು ನೀರಿಗೆ ಬೆರೆಸಿಟ್ಟರೆ ಬೇಗ ಹುಳಿ ಬಂದು ಬೂಸು ಹಿಡಿಯುತ್ತೆ, ಹಕ್ಕಿಗೆ ಕಾಯಿಲೆ. ಇದನ್ನೆಲ್ಲ ಹೇಳಿದ ಮೇಲೆ ಅಮ್ಮ ಒಪ್ಪಿದರು, ಒಪ್ಪಿದ ಮೇಲೆ ಸಕ್ಕರೆ ನೀರಿನ ಉಸ್ತುವಾರಿಯನ್ನೇ ವಹಿಸಿಕೊಂಡರು. ಬೆಳಿಗ್ಗೆ ಕಾಫಿಗೆ ಮೊದಲು ಹಕ್ಕಿಯ ಬಾಟಲಿ ನೋಡಿ ಬರ್ತಿದ್ದರು.

ನೋಡಬೇಕಾದ್ದೂ ಹೌದು. ಈ ಸೆಕೆಗೆ ನೀರು ಎರಡು ದಿನ ತಡೆದರೆ ಹೆಚ್ಚು. ಒಂಚೂರು ಮಬ್ಬಾಯ್ತೋ, ಚೆಲ್ಲಿಬಿಡಿ. ಕೆಳಗಿನ ಆ ಹೂವಿನಾಕಾರದ ತೂತುಗಳಿರ್ತವಲ್ಲ, ಅದರ ಒಳಅಂಚಿಗೆ ಕಪ್ಪು ಚುಕ್ಕಿ ಕೂರುತ್ತೆ. ಅದು ಬೂಸು. ಕಣ್ಣಿಗೆ ಸುಲಭಕ್ಕೆ ಕಾಣೋದಿಲ್ಲ, ಬೆಳಕಿಗೆ ಹಿಡಿದು ನೋಡಬೇಕು. ಬಿಸಿನೀರು, ಒಂದಿಷ್ಟು ವಿನೆಗರ್, ಸಣ್ಣ ಬ್ರಷ್ಷು ಇದ್ದರೆ ಆಯ್ತು. ತೊಳೆಯೋಕೆ ಪುರುಸೊತ್ತಿಲ್ಲ ಅನ್ನೋ ವಾರ ಫೀಡರನ್ನು ಕೆಳಗಿಳಿಸಿಡೋದೇ ವಾಸಿ. ಕೆಟ್ಟ ನೀರು ಇಡೋದಕ್ಕಿಂತ ಏನೂ ಇಡದಿರೋದು ಮೇಲು, ಅಲ್ವಾ?

ಇನ್ನು ಅಂಗಡೀಲಿ ಕೆಂಪು ಬಣ್ಣದ ಪುಡಿ ಮಾರ್ತಾರೆ, ತರಬೇಡಿ. ಫೀಡರಿನ ಮುಚ್ಚಳ ಕೆಂಪಗಿದ್ದರೆ ಸಾಕು. ಕೆಂಪು ಅಂದರೆ ಅವಕ್ಕೆ ಎಂಥ ಸೆಳೆತ ಅಂತೀರಿ, ನಾನು ಕೆಂಪು ಸೆರಗು ಹೊದ್ದು ಡೆಕ್ಕಿನ ಮೇಲೆ ನಿಂತಿದ್ದಾಗ ಒಂದು ನೇರ ಬಂದು ಸೆರಗಿನ ಎದುರು ನಿಂತು ಪರೀಕ್ಷೆ ಮಾಡಿ ಹೋಯ್ತು. ಹಾಗಂತ ಗಂಡಿನ ಗಂಟಲಿನ ಆ ಮಾಣಿಕ್ಯದ ಕೆಂಪಿದೆಯಲ್ಲ, ಅದರಲ್ಲಿ ಕೆಂಪು ಬಣ್ಣ ಎಳ್ಳಷ್ಟೂ ಇಲ್ಲ! ಗರಿಯೊಳಗೆ ಪದರ ಪದರವಾಗಿ ಜೋಡಿಸಿದ ಅತಿ ಸಣ್ಣ ಬಿಲ್ಲೆಗಳು, ಅದರಲ್ಲಿ ಗಾಳಿಗುಳ್ಳೆ. ಬೆಳಕು ಅದರ ಮೇಲೆ ಬಿದ್ದು ಒಂದು ಕೋನಕ್ಕೆ ಹೊರಳಿದಾಗ ಮಾತ್ರ ಕೆಂಪು. ಹಕ್ಕಿ ಕತ್ತು ಚೂರು ತಿರುಗಿಸಿತೋ, ಕಡುಗಪ್ಪು. ಹೊಸಬರು ಒಂದೇ ಹಕ್ಕಿ ನೋಡಿ ಎರಡು ಜಾತಿ ಅಂದ್ಕೊಳ್ಳೋದು ಇದಕ್ಕೇ.

ಈ ಬಣ್ಣದ ಹಿಂದೆ ಬಿದ್ದವರೊಬ್ಬರು ಇಲ್ಲೇ, ಪಕ್ಕದ ಡೆಲವೇರ್‌ನಲ್ಲಿದ್ದರು. ಕ್ರಾಫರ್ಡ್ ಗ್ರೀನ್‌ವಾಲ್ಟ್ ಅಂತ. ಡ್ಯುಪಾಂಟ್ ಕಂಪನಿಯ ಅಧ್ಯಕ್ಷರು, ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಅಷ್ಟು ದೊಡ್ಡ ಕಾರ್ಖಾನೆಗಳನ್ನು ನಡೆಸೋ ಮನುಷ್ಯ ಬಿಡುವಾದಾಗೆಲ್ಲ ಕ್ಯಾಮೆರಾ, ಫ್ಲ್ಯಾಶು ಹೊತ್ತುಕೊಂಡು ಹಮ್ಮಿಂಗ್‌ಬರ್ಡ್ ಹಿಂದೆ ಅಲೆದರು. ಸೆಕೆಂಡಿಗೆ ಐವತ್ತು ಸಲ ಬಡಿಯೋ ರೆಕ್ಕೆಯನ್ನು ಫೋಟೋದಲ್ಲಿ ಹಿಡಿದು ನಿಲ್ಲಿಸಬೇಕು ಅಂದರೆ ಆ ಕಾಲಕ್ಕೆ ಸುಮ್ಮನೆ ಮಾತಲ್ಲ. 1960ರಲ್ಲಿ ಪುಸ್ತಕ ತಂದರು. ಲೈಬ್ರರಿಯಲ್ಲಿ ಸಿಕ್ಕರೆ ತಂದು ನೋಡಿ, ಒಂದು ಮಧ್ಯಾಹ್ನ ಹೋಗಿದ್ದೇ ಗೊತ್ತಾಗಲ್ಲ.

ಇರುವೆ ಹತ್ತಿದೆಯಾ? ಹತ್ತೇ ಹತ್ತುತ್ತೆ. ಹಬ್ಬಕ್ಕೆ ಮಾಡಿದ ಉಂಡೆ ಡಬ್ಬಿಯನ್ನು ನೀರು ತುಂಬಿದ ತಟ್ಟೆ ಮಧ್ಯೆ ಇಡ್ತಿದ್ದರಲ್ಲ ಊರಲ್ಲಿ, ಅದೇ ಉಪಾಯ ಇಲ್ಲೂ. ಕೊಕ್ಕೆಗೂ ಫೀಡರಿಗೂ ನಡುವೆ ಒಂದು ಪುಟ್ಟ ಬಟ್ಟಲು, ಅದರ ತುಂಬ ನೀರು. ಇರುವೆ ಈಜಿಕೊಂಡು ಬರೋದಿಲ್ಲ. ಆದರೆ ಬಿಸಿಲಿಗೆ ಬಟ್ಟಲು ಬೇಗ ಒಣಗುತ್ತೆ, ದಿನಾ ನೋಡ್ಕೋಬೇಕು. ಕೆಲವರು ತಂತಿಗೆ ಎಣ್ಣೆ, ವ್ಯಾಸಲೀನ್ ಬಳೀತಾರೆ. ದಯವಿಟ್ಟು ಬೇಡ. ಗರಿಗೆ ಜಿಡ್ಡು ಹತ್ತಿದರೆ ಆ ಜೀವ ಅದನ್ನು ತೊಳ್ಕೊಳ್ಳೋದು ಹೇಗೆ? ಇನ್ನೊಂದು ನೋಡ್ಕೊಳ್ಳಿ, ಕೈಮುಗಿದು ನಿಂತ ಹಾಗೆ ಕಾಣುತ್ತಲ್ಲ ಆ ಹಸಿರು ಹುಳ, ಮ್ಯಾಂಟಿಸ್, ಅದು ಫೀಡರಿನ ಮೇಲೆ ಕೂತಿದ್ದು ಕಂಡರೆ ತಕ್ಷಣ ಕಡ್ಡಿಗೆ ಹತ್ತಿಸಿಕೊಂಡು ದೂರದ ಗಿಡಕ್ಕೆ ಬಿಟ್ಟು ಬನ್ನಿ. ಹುಳ ಹಕ್ಕಿಯನ್ನು ತಿನ್ನುತ್ತಾ ಅಂತ ನಗಬೇಡಿ, ತಿನ್ನುತ್ತೆ. ಜಗತ್ತಿನಾದ್ಯಂತ ಮ್ಯಾಂಟಿಸ್ ಹಕ್ಕಿ ಹಿಡಿದ 147 ಘಟನೆಗಳನ್ನು ಒಟ್ಟುಮಾಡಿ 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಹೆಚ್ಚಿನವು ಅಮೆರಿಕದ್ದೇ, ಅದರಲ್ಲೂ ಇಂಥ ಹಿತ್ತಲಿನ ಫೀಡರುಗಳಲ್ಲೇ ನಡೆದವು ಬಹಳ.

ಹಾಂ, ಇನ್ನೊಂದು ಫೀಡರು ತಂದರೆ ಒಳ್ಳೇದು. ಒಂದೇ ಇದ್ದರೆ ಒಂದು ಗಂಡು ಅದನ್ನು ತನ್ನ ಹೆಸರಿಗೆ ಬರೆಸಿಕೊಂಡುಬಿಡುತ್ತೆ. ಎದುರಿನ ಒಣ ಕೊಂಬೆಯ ತುದೀಲಿ ಕೂತು ಕಾವಲು, ಯಾರೇ ಬರಲಿ ಅಟ್ಟಿಸಿಕೊಂಡು ಹೋಗೋದು. ತಾನೂ ನೆಟ್ಟಗೆ ಕುಡಿಯಲ್ಲ, ಬೇರೆಯವರಿಗೂ ಬಿಡಲ್ಲ. ಎರಡನೇದನ್ನು ಮನೆಯ ಆ ಕಡೆ, ಮೊದಲನೇದು ಕಣ್ಣಿಗೆ ಬೀಳದ ಹಾಗೆ ಮೂಲೇಲಿ ಕಟ್ಟಿ. ಎರಡೂ ಕಡೆ ಕಾವಲು ಕಾಯೋದು ಅದರಿಂದಾಗಲ್ಲ. ಹೆಣ್ಣುಗಳು ನಿರಾಳವಾಗಿ ಬಂದು ಕುಡಿದು ಹೋಗ್ತವೆ.

ಕುಡಿಯೋದೂ ಒಂದು ಸೋಜಿಗ. ಅದರ ನಾಲಿಗೆ ಸಣ್ಣ ಕೊಳವೆ ಥರ, ನೀರು ತಾನಾಗೇ ಏರುತ್ತೆ ಅಂತ ಬಹುಕಾಲ ನಂಬಿದ್ದರಂತೆ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಇಬ್ಬರು ಪಾರದರ್ಶಕ ಫೀಡರು ಮಾಡಿ, ವೇಗದ ಕ್ಯಾಮೆರಾ ಇಟ್ಟು ನೋಡಿ 2011ರಲ್ಲಿ ಬೇರೆಯದೇ ಹೇಳಿದರು. ನಾಲಿಗೆಯ ತುದಿ ಎರಡು ಕವಲು, ಮಕರಂದ ತಾಗಿದ್ದೇ ಬಿಚ್ಚಿಕೊಳ್ಳುತ್ತೆ, ಹಿಂದಕ್ಕೆಳೆಯುವಾಗ ಮುಚ್ಚಿಕೊಂಡು ಹನಿಯನ್ನು ಒಳಗೇ ಹಿಡಿದುಕೊಳ್ಳುತ್ತೆ. ಒಂದು ಸೆಕೆಂಡಿನೊಳಗೆ ಇದು ಹತ್ತಕ್ಕೂ ಹೆಚ್ಚು ಸಲ. ಆ ನಾಲಿಗೆಯನ್ನು ಚಾಚೋ ಮೂಳೆಯ ಎಳೆಗಳು ತಲೆಬುರುಡೆಯ ಹಿಂದಿನಿಂದ ಸುತ್ತಿಕೊಂಡು ಮೇಲಕ್ಕೆ ಬರ್ತವೆ. ಇಷ್ಟು ಸಣ್ಣ ತಲೇಲಿ ಇಷ್ಟೆಲ್ಲ ಎಲ್ಲಿ ಹಿಡೀತು ಅಂತ!

ಆದರೆ ನಾನು ಬೇಲಿ ಹತ್ತಿರ ಬಂದಿದ್ದು ಫೀಡರಿನ ಮಾತಿಗಲ್ಲ. ಮೊನ್ನೆ ನೀವು ಉದ್ದ ಕೋಲಿಗೆ ಪೊರಕೆ ಕಟ್ಟಿಕೊಂಡು ಡೆಕ್ಕಿನ ಸೂರಿನಡಿ ಜೇಡ ಹೊಡೀತಿದ್ದಿರಿ. ಅದೊಂದನ್ನು ಬಿಟ್ಟುಬಿಡಿ. ಗೊತ್ತು, ನಮಗೆ ಯುಗಾದಿ ಬಂತು ಅಂದರೆ ಮೊದಲು ನೆನಪಾಗೋದೇ ಜೇಡ ಹೊಡೆಯೋದು, ಆಮೇಲೆ ಒಬ್ಬಟ್ಟು. ಮನೆಯೊಳಗೆ ಹೊಡೀರಿ, ಯಾರು ಬೇಡ ಅಂದರು? ಹೊರಗಿನದು ಮಾತ್ರ ಇರಲಿ. ಯುಗಾದಿ ಕಳೆದು ಹಮ್ಮಿಂಗ್‌ಬರ್ಡ್ ಬಂದು ಇಳಿದ ಮೇಲೆ ಹೆಣ್ಣು ಮೊದಲು ಹುಡುಕೋದರಲ್ಲಿ ಜೇಡರ ಬಲೆಯೂ ಒಂದು. ಅದರ ಗೂಡಿಗೆ ಬಂಧನವೇ ಆ ನೂಲು.

ಗೂಡು ನೋಡಿದೀರಾ? ಅಗಲ ಐದು ಸೆಂಟಿಮೀಟರ್ ಇದ್ದರೆ ಹೆಚ್ಚು. ಗಿಡಗಳ ಹತ್ತಿಯಂಥ ನಾರು ತಂದು ಹಾಸಿ, ಜೇಡರ ನೂಲಿನಿಂದ ಕೊಂಬೆಗೆ ಬಿಗಿದು, ಹೊರಗೋಡೆಗೆ ಕಲ್ಲುಹೂವಿನ ಚೂರು ಒಂದೊಂದಾಗಿ ಅಂಟಿಸುತ್ತೆ. ಕೆಳಗೆ ನಿಂತವರಿಗೆ ಕೊಂಬೆಯ ಗಂಟು ಅನ್ನಿಸಬೇಕೇ ಹೊರತು ಗೂಡು ಅಂತ ಗೊತ್ತಾಗಬಾರದು. ಒಳಗೆ ಎರಡು ಮೊಟ್ಟೆ. ಮರಿ ಬೆಳೆದ ಹಾಗೆ ಗೂಡೂ ಹಿಗ್ಗುತ್ತೆ ಕಣ್ರೀ, ಜೇಡರ ನೂಲಿಗೆ ಆ ಗುಣ ಇದೆ. ಮೂರು ವಾರದ ಹೊತ್ತಿಗೆ ಎರಡು ಮರಿ ಒತ್ತೊತ್ತಾಗಿ ಕೂತು ಗೂಡಿನ ಅಂಚು ಹೊರಕ್ಕೆ ಬಾಗಿರುತ್ತೆ, ಆದರೂ ಹರಿಯಲ್ಲ. ಇಷ್ಟೆಲ್ಲ ಕಟ್ಟೋದು, ಕಾವು ಕೊಡೋದು, ಉಣಿಸೋದು ತಾಯಿಯೊಬ್ಬಳೇ. ಗಂಡು ಆ ಒಣ ಕೊಂಬೆ ಬಿಟ್ಟು ಇತ್ತ ಕಡೆ ತಲೆ ಹಾಕಿಯೂ ನೋಡಲ್ಲ.

ಮರಿಗೆ ಸಕ್ಕರೆ ನೀರು ಸಾಲುತ್ತಾ? ಅದಕ್ಕೆ ಬೇಕಾದ್ದು ಹುಳ. ಗುಂಗಾಡು, ಸೊಳ್ಳೆ, ಹಣ್ಣಿನ ನೊಣ, ಸಣ್ಣ ಜೇಡ. ತಾಯಿ ಬಲೆಯಿಂದಲೇ ಹುಳ ಎತ್ತಿಕೊಂಡು ಹೋಗೋದೂ ಉಂಟು. ಹಾಗಾಗಿ ಬಾಳೆಹಣ್ಣಿನ ಸಿಪ್ಪೆ ಬಿಸಾಕಬೇಡಿ, ಈರುಳ್ಳಿ ಬರುತ್ತಲ್ಲ ಬಲೆಚೀಲ, ಅದಕ್ಕೆ ಹಾಕಿ ಗಿಡಕ್ಕೆ ನೇತುಹಾಕಿ. ಒಂದೆರಡು ದಿನಕ್ಕೆ ಸುತ್ತ ಹಣ್ಣಿನ ನೊಣ ಮುತ್ತುತ್ತವೆ. ಹಕ್ಕಿ ಬಂದು ಗಾಳೀಲಿ ಒಂದೇ ಜಾಗದಲ್ಲಿ ನಿಂತು, ಚಕ್ ಅಂತ ಒಂದಿಂಚು ಮುಂದೆ, ಒಂದಿಂಚು ಬಲಕ್ಕೆ, ಮತ್ತೆ ಹಿಂದಕ್ಕೆ. ಪ್ರತಿ ಚಲನೆಗೆ ಒಂದು ನೊಣ ಮಾಯ. ಕೊಕ್ಕು ತೆರೆದಿದ್ದು ಕಾಣುತ್ತೆ, ಮುಚ್ಚಿದ್ದು ಕಾಣಲ್ಲ. ಫೀಡರಿನ ಹತ್ತಿರ ಹೀಗೆ ನೋಡೋಕೆ ಸಿಗಲ್ಲ ನಿಮಗೆ.

ಅದಕ್ಕೇ ಹೇಳೋದು, ಆ ಸೊಳ್ಳೆಯ ಔಷಧಿ ಹೊಡೆಯೋರ ಗಾಡಿ ನಿಮ್ಮ ಬಾಗಿಲಿಗೂ ಬಂದರೆ ಬೇಡ ಅನ್ನಿ. ಒಂದು ಕಡೆ ಹಕ್ಕಿಯನ್ನು ಕರೆದು, ಇನ್ನೊಂದು ಕಡೆ ಅದರ ಮರಿಗಳ ಊಟಕ್ಕೇ ವಿಷ ಹಾಕೋದು ಸರಿಯಾ? ಸೊಳ್ಳೆ ಜಾಸ್ತಿ ಅನ್ನಿಸಿದರೆ ಕುಂಡದ ತಟ್ಟೆ, ಬಕೆಟ್ಟು, ಸೂರಿನ ಗಟಾರದಲ್ಲಿ ನಿಂತ ನೀರು ಚೆಲ್ಲಿ. ಅರ್ಧಕ್ಕರ್ಧ ಕಾಟ ಅಲ್ಲೇ ಮುಗೀತು.

ಜೇಡರ ನೂಲು ಅಂದೆನಲ್ಲ, ನಮ್ಮ ಸೂರಕ್ಕಿಯೂ ಅದನ್ನೇ ಬಳಸೋದು. ಅಜ್ಜಿಮನೆ ಜಗಲೀಲಿ ಬಟ್ಟೆ ಒಣಹಾಕೋ ತಂತಿಗೆ ಒಂದು ಸೂರಕ್ಕಿ ಗೂಡು ನೇತುಹಾಕಿತ್ತು. ಕಸಕಡ್ಡಿ, ಒಣಎಲೆ, ತೊಗಟೆ ಚೂರು, ಹುಳದ ಹಿಕ್ಕೆ ಎಲ್ಲ ಸೇರಿಸಿದ ಒಂದು ಜೋತ ಚೀಲ. ಕಂಡವರು ಯಾರೋ ಕಸ ಸಿಕ್ಕಿಸಿದಾರೆ ಅಂತ ಕಿತ್ತು ಎಸೆಯೋ ಹಾಗಿತ್ತು. ಅಜ್ಜಿ ಮರಿ ಹಾರೋ ತನಕ ಆ ತಂತಿಗೆ ಬಟ್ಟೆ ಹಾಕಲು ಬಿಡಲಿಲ್ಲ. ಮಳೆಗಾಲ ಬೇರೆ, ಒದ್ದೆ ಬಟ್ಟೆಯೆಲ್ಲ ಬಚ್ಚಲ ಒಲೆ ಮುಂದೆ. ಎಲ್ಲರ ಅಂಗಿಗೂ ಹೊಗೆ ವಾಸನೆ! ನಾವು ಮಕ್ಕಳು ಬೇಲಿಯ ಕೇಪಳ ಹೂ ಕಿತ್ತು ತೊಟ್ಟು ಚೀಪುತ್ತಾ ಕೂತಿರ್ತಿದ್ದೆವು, ಸೂರಕ್ಕಿ ಪಕ್ಕದ ಗೊಂಚಲಲ್ಲಿ.

ಊರಿನಿಂದ ಫೋನು ಮಾಡೋರು ಈಗಲೂ ಹೇಳ್ತಿರ್ತಾರೆ, ನಮ್ಮ ಬಾಲ್ಕನಿಗೂ ಹಮ್ಮಿಂಗ್‌ಬರ್ಡ್ ಬಂದಿತ್ತು ಅಂತ. ಅದು ಸೂರಕ್ಕಿಯೇ. ಹಮ್ಮಿಂಗ್‌ಬರ್ಡ್ ಬಳಗದಲ್ಲಿ 360ಕ್ಕೂ ಹೆಚ್ಚು ಜಾತಿ, ಎಲ್ಲವೂ ಅಮೆರಿಕ ಖಂಡಗಳಲ್ಲೇ, ಒಂದೂ ಸಮುದ್ರ ದಾಟಿ ನಮ್ಮ ಕಡೆ ಇಲ್ಲ. ಸೂರಕ್ಕಿಗೂ ಇದಕ್ಕೂ ನೆಂಟಸ್ತಿಕೆಯೂ ಇಲ್ಲ, ಇದರ ಹತ್ತಿರದ ಬಳಗ ಸ್ವಿಫ್ಟ್ ಹಕ್ಕಿಗಳದು. ಹೂವಿನೊಳಗಿನ ಸಿಹಿಗೆ ಆಸೆಪಟ್ಟ ಎರಡು ಬೇರೆ ಬೇರೆ ಮನೆತನಕ್ಕೆ ಒಂದೇ ಥರದ ಮೂತಿ ಬಂತು, ಅಷ್ಟೇ. ಆದರೂ ಒಂದು ವಿಚಿತ್ರ ಕೇಳಿ. ಜರ್ಮನಿಯಲ್ಲಿ ಮೂರು ಕೋಟಿ ವರ್ಷ ಹಳೆಯ ಹಮ್ಮಿಂಗ್‌ಬರ್ಡಿನ ಪಳೆಯುಳಿಕೆ ಸಿಕ್ಕಿದೆ. ಗೆರಾಲ್ಡ್ ಮಾಯರ್ ಅನ್ನೋರು 2004ರಲ್ಲಿ ಅದರ ಬಗ್ಗೆ ಬರೆದರು. ಅಂದರೆ ಒಂದು ಕಾಲಕ್ಕೆ ಆ ಕಡೆಯೂ ಇದ್ದವು. ಯಾಕೆ ಖಾಲಿಯಾದವೋ!

ಹಕ್ಕಿ ದಾಟಲಿಲ್ಲ, ಅದರ ಹೂವು ದಾಟಿದೆ ನೋಡಿ. ಅರಳೋದೇ ಇಲ್ಲ, ಮೊಗ್ಗಿನ ಹಾಗೆ ಸುತ್ತಿಕೊಂಡೇ ಕೆಳಗೆ ಜೋತಿರುತ್ತಲ್ಲ, ಮೆಣಸಿನಕಾಯಿಯಷ್ಟು ಕೆಂಪನೆ ದಾಸವಾಳ, ಬೇಲಿಗೆಲ್ಲ ಹಾಕ್ತಾರಲ್ಲ? ಅದು ಮೆಕ್ಸಿಕೋ ಕಡೆಯದು. ಅಷ್ಟು ಉದ್ದಕ್ಕೆ ಸುತ್ತಿಕೊಂಡು ತಳದಲ್ಲಿ ಸಿಹಿ ಇಟ್ಟುಕೊಂಡು ಅದು ಕಾಯ್ತಿದ್ದದ್ದು ಹಮ್ಮಿಂಗ್‌ಬರ್ಡಿಗೆ. ನಮ್ಮೂರಲ್ಲಿ ಸೂರಕ್ಕಿ ಬಂದು ಹೂವಿನ ಬಾಯಿಂದ ಕೊಕ್ಕು ಹಾಕೋ ಗೋಜಿಗೆ ಹೋಗದೆ ಬುಡಕ್ಕೇ ತೂತು ಕೊರೆದು ಕುಡಿದುಹೋಗುತ್ತೆ. ಅಜ್ಜಿ ದೇವರಿಗೆ ಏರಿಸ್ತಿದ್ದ ಹೂವುಗಳಲ್ಲಿ ಎಷ್ಟೋ ಸಲ ಬುಡದಲ್ಲಿ ಆ ಸೀಳು ಇರ್ತಿತ್ತು.

ಇಲ್ಲಿ ಆ ದಾಸವಾಳ ಚಳಿಗೆ ನಿಲ್ಲಲ್ಲ. ನಿಮಗೆ ಗಿಡ ಹಾಕೋ ಮನಸ್ಸಿದ್ದರೆ ಕಾರ್ಡಿನಲ್ ಫ್ಲವರ್ ಹಾಕಿ, ಒದ್ದೆ ಜಾಗ ಅದಕ್ಕಿಷ್ಟ. ಬೀ ಬಾಮ್ ಹಾಕಿ. ಕೆಂಪು ಹನಿಸಕಲ್ ಬಳ್ಳಿ ಬೇಲಿಗೆ ಹಬ್ಬಿಸಿ, ಈ ದೇಶದ್ದೇ ಕೇಳಿ ತನ್ನಿ, ಜಪಾನಿನದು ಬೇಡ, ಅದು ಊರೆಲ್ಲ ಹಬ್ಬುತ್ತೆ. ಟ್ರಂಪೆಟ್ ಕ್ರೀಪರ್ ಮನೆ ಗೋಡೆಯಿಂದ ದೂರ ಇರಲಿ, ಅದರ ಬೇರಿಗೆ ಲಂಗುಲಗಾಮಿಲ್ಲ. ಹಿಂದಿನ ತೊರೆಯ ಪಕ್ಕ ಕಿತ್ತಳೆ ಬಣ್ಣದ ಹೂ ಬಿಟ್ಟ ಗಿಡ ಇದೆಯಲ್ಲ, ಜುವೆಲ್‌ವೀಡ್, ಅದನ್ನು ಕಳೆ ಅಂತ ಕೀಳಬೇಡಿ. ಅದು ನಮ್ಮ ಕರ್ಣಕುಂಡಲದ ಬಳಗ. ಬಲಿತ ಕಾಯಿ ಮುಟ್ಟಿ ನೋಡಿ, ಹಾಗೇ ಪಟ್ ಅಂತ ಸಿಡಿಯುತ್ತೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ತೆಂಕಣಕ್ಕೆ ಹೊರಟ ಹಮ್ಮಿಂಗ್‌ಬರ್ಡುಗಳು ಆ ಹೂವನ್ನೇ ನೆಚ್ಚಿಕೊಂಡಿರ್ತವೆ.

ಹೊರಡೋದೂ ಎಂಥ ದಾರಿ ಅಂತೀರಿ! ಮೊದಲು ತಿಂದು ತಿಂದು ಮೈತೂಕ ಹೆಚ್ಚುಕಮ್ಮಿ ಎರಡರಷ್ಟು ಮಾಡಿಕೊಳ್ಳುತ್ತೆ. ಆಮೇಲೆ ಕೇಪ್ ಮೇ ದಾಟಿ ತೆಂಕಣಕ್ಕೆ. ಮೆಕ್ಸಿಕೋ ಕೊಲ್ಲಿಯ ಮೇಲೆ 800 ಕಿಲೋಮೀಟರನ್ನು ಎಷ್ಟೋ ಹಕ್ಕಿಗಳು ಒಂದೇ ಉಸಿರಿಗೆ ದಾಟ್ತವೆ. ಕೂರೋಕೆ ಒಂದು ಕಡ್ಡಿಯಿಲ್ಲ, ಕುಡಿಯೋಕೆ ಒಂದು ಹೂವಿಲ್ಲ, ಸುಮಾರು ಇಪ್ಪತ್ತು ಗಂಟೆ. ಇಷ್ಟು ಸಣ್ಣದು ಅಷ್ಟು ದೂರ ಹೋಗೋದುಂಟೇ ಅಂತ ಇಲ್ಲಿಯ ಹಳಬರು ನಂಬಲೇ ಇಲ್ಲವಂತೆ. ಬಾತುಗಳು ಹೋಗ್ತವಲ್ಲ ಸಾಲಾಗಿ, ಅವುಗಳ ಬೆನ್ನ ಮೇಲೆ ಕೂತು ಹೋಗುತ್ತೆ ಅಂತ ಕತೆ ಕಟ್ಟಿದ್ದರು. ಬಾತಿನ ಗರಿಯೊಳಗೆ ಬೆಚ್ಚಗೆ ಹುದುಗಿ ಕೂತ ಹಮ್ಮಿಂಗ್‌ಬರ್ಡು, ಎಷ್ಟು ಚೆನ್ನಾಗಿದೆ ಅಲ್ವಾ? ನಿಜವಲ್ಲ. ಅವು ಹೋಗೋ ಕಾಲವೇ ಬೇರೆ, ಊರೇ ಬೇರೆ. ಇದು ತನ್ನ ರೆಕ್ಕೇಲೇ ಹೋಗಿ, ವಸಂತಕ್ಕೆ ಅದೇ ಹಿತ್ತಲಿಗೆ ಬಂದರೂ ಬಂತು. ಕಾಲಿಗೆ ಸಣ್ಣ ಬಳೆ ತೊಡಿಸಿ ಗುರುತಿಟ್ಟವುಗಳಲ್ಲಿ ಒಂಬತ್ತು ವರ್ಷ ದಾಟಿದ ಒಂದು ಹೆಣ್ಣು ಸಿಕ್ಕಿದೆ. ಅಷ್ಟು ಸಲ ಹೋಗಿ ಬಂದ ಜೀವ!

ಹಾಗಾಗಿ ಸೆಪ್ಟೆಂಬರ್ ಬಂತು, ಫೀಡರು ಇಳಿಸದಿದ್ದರೆ ಹಕ್ಕಿ ಇಲ್ಲೇ ಉಳಿದು ಚಳಿಗೆ ಸಾಯುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಗಲು ಗಿಡ್ಡವಾಗ್ತಾ ಬಂದ ಹಾಗೆ ಅದಕ್ಕೆ ಒಳಗಿಂದಲೇ ಹೊರಡೋ ತುಡಿತ ಹುಟ್ಟುತ್ತೆ, ನಿಮ್ಮ ಸಕ್ಕರೆ ನೀರು ಅದನ್ನು ಕಟ್ಟಿಹಾಕಲ್ಲ. ಗಂಡುಗಳು ಆಗಸ್ಟಿನಲ್ಲೇ ಖಾಲಿಯಾಗ್ತವೆ. ಮರಿಗಳು ಕೊನೇಲಿ, ದಾರಿ ತೋರಿಸೋರಿಲ್ಲದೆ ಒಂದೊಂದೇ ಹೋಗೋದು. ಹಾಗೆ ಹಿಂದೆ ಬಿದ್ದ ಒಂದಕ್ಕೆ ನಿಮ್ಮ ಬಾಟಲಿ ಸಿಕ್ಕರೆ ಅದೊಂದು ಹೊತ್ತಿನ ಊಟ. ಅಕ್ಟೋಬರ್ ಪೂರ್ತಿ ಇರಲಿ. ಚಳಿಯ ಬೆಳಿಗ್ಗೆ ಒಂದು ಹಕ್ಕಿ ಫೀಡರಿಗೆ ತಲೆಕೆಳಗಾಗಿ ಜೋತು ಸತ್ತ ಹಾಗೆ ಕಂಡರೆ ಗಾಬರಿಯಾಗಬೇಡಿ, ಮುಟ್ಟಲೂ ಬೇಡಿ. ರಾತ್ರಿ ಶಕ್ತಿ ಉಳಿಸಲು ಮೈಕಾವು ಇಳಿಸಿ, ನಿಮಿಷಕ್ಕೆ ಸಾವಿರ ಮೀರಿ ಬಡೀತಿದ್ದ ಎದೆಯನ್ನು ಐವತ್ತರ ಹತ್ತಿರಕ್ಕೆ ತಂದುಕೊಂಡಿರುತ್ತೆ. ಬಿಸಿಲು ಬಿದ್ದರೆ ತಾನಾಗಿ ಎಚ್ಚೆತ್ತು ಹಾರಿಹೋಗುತ್ತೆ. ಎಲೆ ಉದುರಿದ ಮೇಲೆ ಖಾಲಿ ಗೂಡು ಕಂಡರೆ ಅದನ್ನೂ ಶೋಕೇಸಿಗೆ ತರಬೇಡಿ ಮತ್ತೆ, 1918ರಿಂದ ಇರೋ ವಲಸೆ ಹಕ್ಕಿಗಳ ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ.

ಅಯ್ಯೋ, ಅಕ್ಕಿ ನೆನೆಹಾಕಿದ್ದು ರುಬ್ಬಬೇಕು, ಮರೆತೇಬಿಟ್ಟಿದ್ದೆ. ಆ ಮೂಲೇಲಿರೋ ನನ್ನ ಕೆಂಪು ಕಾಬಾಳೆ ನೋಡಿದೀರಲ್ಲ, ಬೆಳಿಗ್ಗೆ ಅವು ಮೊದಲು ಬರೋದೇ ಅಲ್ಲಿಗೆ. ಅದರ ಗಡ್ಡೆ ಇಲ್ಲಿಯ ಚಳಿಗೆ ನೆಲದಲ್ಲಿ ಕೊಳೆಯುತ್ತೆ, ಹಿಮ ಬಿದ್ದು ಎಲೆ ಕಪ್ಪಾದ ಮೇಲೆ ಕಿತ್ತು ಬೇಸ್‌ಮೆಂಟಿನಲ್ಲಿ ಇಡ್ತೀನಿ. ಪ್ರತಿವರ್ಷ ಹೆಚ್ಚಾಗ್ತಾನೇ ಇದೆ, ಹಾಕೋಕೆ ಜಾಗ ಇಲ್ಲ. ಆಗ ಬನ್ನಿ, ಒಂದು ಗಟ್ಟಿ ಚೀಲ ತಗೊಂಡೇ ಬನ್ನಿ.